ಭಾನುವಾರ 4 ಗಂಟೆಗೆ: ಫೋನ್ ತನ್ನಿ, ಇನ್ಹೇಲರ್ ಕೂಡ

ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿಯಿತು, ಗೋಡೆಗೆ ಬೂಷ್ಟು ಬಂತು, ನಮ್ಮಂಥವರ ಎದೆಯಲ್ಲಿ ಸುಯ್ ಸುಯ್ ಕೂಡ ಶುರು. ಆಸ್ತಮಾ ಇರುವವರು, ಆಸ್ತಮಾ ಇರುವ ಮಕ್ಕಳ ಅಪ್ಪ ಅಮ್ಮಂದಿರು ಭಾನುವಾರ ಸಂಜೆ 4ಕ್ಕೆ ತೀರ್ಥಹಳ್ಳಿಯ ನಮ್ಮ ಮನೆಗೆ ಬನ್ನಿ. ಔಷಧಿ ನೆನಪಿಸುವ ಉಚಿತ ಆ್ಯಪ್ ಬಳಸುವುದನ್ನು ತೋರಿಸುತ್ತೇನೆ.

ಪ್ಲೇ ಸ್ಟೋರಿನಿಂದ ‘ಮೈಥೆರಪಿ’ ಮೊದಲೇ ಇಳಿಸಿಕೊಳ್ಳಿ. ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ಲ! ಡಾಕ್ಟರ್ ಚೀಟಿ ಮರೆಯಬೇಡಿ. ಬ್ಯಾಟರಿ ಉಳಿತಾಯದ ಸೆಟ್ಟಿಂಗ್‌ನಿಂದ ಈ ಆ್ಯಪನ್ನು ಹೊರಗಿಡಬೇಕು, ಇಲ್ಲದಿದ್ದರೆ ಅಲಾರಾಂ ಹೊಡೆಯದೇ ಹೋಗಬಹುದು. ಹೀಗಾಗಿಯೇ ನನಗೆ ಮೂರು ದಿನ ಡೋಸ್ ತಪ್ಪಿತ್ತು.

ದಿನವೂ ತೆಗೆದುಕೊಳ್ಳುವ ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇನ್ಹೇಲರಿಗೆ ಅಲಾರಾಂ ಇಡೋಣ. ಉಬ್ಬಸ ಬಂದಾಗ ಎಳೆಯುವ ಸಾಲ್ಬುಟಮಾಲ್‌ಗೆ ಬೇಡ, ಎಷ್ಟು ಸಲ ಎಳೆದಿರಿ ಅಂತ ಬರೆದಿಟ್ಟರೆ ಸಾಕು. ಆ ಲೆಕ್ಕ ಜಾಸ್ತಿಯಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸ್ಟಿರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು ಅಂತಲೂ ಅಲಾರಾಂ ಜೊತೆ ಬರೆದುಕೊಳ್ಳಿ. ಇಲ್ಲದಿದ್ದರೆ ಬಾಯಲ್ಲೂ ಬೂಷ್ಟೇ!

ಉಸಿರು ಕಟ್ಟಿದಾಗ ಮಾತ್ರ ಆ್ಯಪ್ ನೋಡುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಬರುವವರು ಶನಿವಾರದೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಶಿವಮೊಗ್ಗದಲ್ಲಿರುವವರು ಹೇಳಿದರೆ ವಿಡಿಯೋ ಕಾಲ್ ಮಾಡುತ್ತೇನೆ.