ಆರ್ಟೀಮಿಯಾ ಮೊಟ್ಟೆಯ ಬಿಡಿ ಮಾರಾಟ ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಡೊಂಬಿವಲಿ ಪೂರ್ವ

ಮಾನ್ಯ ಗ್ರಾಹಕರೇ,

ಸವಿನಯ ನಮಸ್ಕಾರಗಳು.

ಬರುವ ಜೂನ್ 1ರಿಂದ ನಮ್ಮ ಸಹಕಾರಿ ಬಳಗವು, ಮೀನುಮರಿಗಳಿಗೆ ಆಹಾರವಾಗುವ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆಯನ್ನು ಬಿಡಿಯಾಗಿ ತೂಗಿ ಮಾರುವುದನ್ನು ನಿಲ್ಲಿಸುತ್ತಿದೆ. ಇನ್ನು ಮುಂದೆ ಗಾಳಿ ಹೋಗದಂತೆ ಬೆಸೆದ 10 ಗ್ರಾಮಿನ ಫಾಯಿಲ್ ಪೊಟ್ಟಣದಲ್ಲಿ ಮಾತ್ರ ಮೊಟ್ಟೆ ಸಿಗುತ್ತದೆ. ಇದುವರೆಗೆ 25 ಗ್ರಾಮಿನ ಪ್ಲಾಸ್ಟಿಕ್ ಕವರಿಗೆ 220 ರೂಪಾಯಿ ಕೊಡುತ್ತಿದ್ದ ನಿಮಗೆ 10 ಗ್ರಾಮಿಗೆ 120 ರೂಪಾಯಿ ಎಂದಾಗ ಹುಬ್ಬೇರುವುದು ಸಹಜ. ಗ್ರಾಮಿನ ಲೆಕ್ಕ ಹಿಡಿದರೆ ಬೆಲೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಏರಿದೆ. ಅದಕ್ಕೆ ಕಾರಣವನ್ನು ಬಿಡಿಸಿ ಹೇಳಬೇಕಾಗಿದೆ, ಮತ್ತು ಹಾಗೆ ಹೇಳುವಾಗ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿಯೂ ಇದೆ.

ಕಳೆದ ಎರಡು ಮಳೆಗಾಲಗಳಲ್ಲಿ ನಿಮ್ಮಲ್ಲಿ ಅನೇಕರು ಮೊಟ್ಟೆ ಸರಿಯಾಗಿ ಒಡೆಯುತ್ತಿಲ್ಲ ಎಂದು ದೂರಿದ್ದಿರಿ. ನಾವು ಪ್ರತಿಸಲವೂ ನಿಮ್ಮ ಉಪ್ಪಿನ ಅಳತೆ, ನಿಮ್ಮ ನಲ್ಲಿಯ ನೀರು, ನಿಮ್ಮ ಏರ್ ಪಂಪು ಇವುಗಳ ಕಡೆಗೇ ಬೊಟ್ಟು ಮಾಡಿ ಕಳುಹಿಸಿದೆವು. ಕೊನೆಗೆ ಮುಲುಂಡಿನಿಂದ ಬಂದ ಹಿರಿಯ ಗ್ರಾಹಕರೊಬ್ಬರು, ನಾವು ಮಾರಿದ ಕವರನ್ನೇ ಕೈಯಲ್ಲಿ ಹಿಡಿದು, ನಮ್ಮ ಅಂಗಡಿಯಲ್ಲಿಯೇ, ನಮ್ಮ ಉಪ್ಪು ನೀರಿನಲ್ಲಿಯೇ ಮೊಟ್ಟೆ ಹಾಕಿ ತೋರಿಸಬೇಕೆಂದು ಪಟ್ಟು ಹಿಡಿದರು. ಒಂದು ಬಾಟಲಿಗೆ ಅವರ ಕವರಿನ ಒಂದು ಗ್ರಾಂ, ಪಕ್ಕದ ಬಾಟಲಿಗೆ ಅಂದೇ ಒಡೆದ ಹೊಸ ಡಬ್ಬಿಯ ಒಂದು ಗ್ರಾಂ ಹಾಕಿ, ಎರಡಕ್ಕೂ ಒಂದೇ ಪಂಪಿನ ಗಾಳಿ, ಒಂದೇ ದೀಪದ ಬೆಳಕು ಕೊಟ್ಟೆವು. ಮರುದಿನ ಅದೇ ಹೊತ್ತಿಗೆ ಹೊಸ ಡಬ್ಬಿಯ ಬಾಟಲಿ ಕುಂಕುಮ ಕೇಸರಿ ಕದಡಿದಂತೆ ಮರಿಗಳಿಂದ ತುಂಬಿತ್ತು. ಅವರ ಬಾಟಲಿಯಲ್ಲಿ ಕಂದು ಬಣ್ಣದ ನೊರೆ, ಅಡಿಯಲ್ಲಿ ಒಡೆಯದ ಮೊಟ್ಟೆಯ ಪದರ, ನಡುವೆ ಅಲ್ಲೊಂದು ಇಲ್ಲೊಂದು ಮರಿ. ಭೂತಗನ್ನಡಿ ಹಿಡಿದು ನೋಡಿದರೆ ಎಷ್ಟೋ ಮೊಟ್ಟೆಗಳು ಅರೆಬಿರಿದು, ಮರಿ ಚಿಪ್ಪಿಗೆ ನೇತುಬಿದ್ದ ಸ್ಥಿತಿಯಲ್ಲಿಯೇ ನಿಂತುಹೋಗಿದ್ದವು. "ನೀರೂ ನಿಮ್ಮದೇ, ಉಪ್ಪೂ ನಿಮ್ಮದೇ, ಇನ್ನು ನನ್ನ ತಪ್ಪು ಎಲ್ಲಿ ಉಂಟು ಮಾರಾಯ್ರೆ?" ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ತಪ್ಪು ಡಬ್ಬಿ ಒಡೆದ ಮೇಲೆ ನಾವು ಮೊಟ್ಟೆಯನ್ನು ಇಟ್ಟುಕೊಂಡ ರೀತಿಯಲ್ಲಿತ್ತು. ನಾವು ಮೊಟ್ಟೆ ಎನ್ನುವುದು ನಿಜವಾಗಿ ಗಟ್ಟಿ ಚಿಪ್ಪಿನೊಳಗೆ ಬೆಳವಣಿಗೆ ನಿಲ್ಲಿಸಿ ಒಣಗಿ ಕುಳಿತ ಭ್ರೂಣ. ಒಂದೊಂದೂ ಮಿಲಿಮೀಟರಿನ ಕಾಲು ಭಾಗದಷ್ಟು. ಒಂದು ಗ್ರಾಮಿನಲ್ಲಿ ಸುಮಾರು ಎರಡೂವರೆ ಲಕ್ಷ. ಅದರೊಳಗಿನ ನೀರಿನ ಅಂಶ ಶೇಕಡಾ 10ಕ್ಕಿಂತ ಕೆಳಗಿರುವ ತನಕ ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ. ಗಾಳಿಯಲ್ಲಿನ ತೇವವನ್ನು ಅಷ್ಟಿಷ್ಟು ಎಳೆದುಕೊಂಡರೆ ಸಾಕು, ಭ್ರೂಣ ಅರೆನಿದ್ದೆಯಿಂದ ಎದ್ದಂತಾಗಿ ತನ್ನೊಳಗೆ ಕೂಡಿಟ್ಟ ಶಕ್ತಿಯನ್ನು ಕರಗಿಸತೊಡಗುತ್ತದೆ. ಆದರೆ ಒಡೆದು ಹೊರಬರುವಷ್ಟು ನೀರು ಅದಕ್ಕೆ ಸಿಕ್ಕಿರುವುದಿಲ್ಲ. ಮುಂದೊಂದು ದಿನ ಉಪ್ಪುನೀರಿಗೆ ಬಿದ್ದಾಗ ಚಿಪ್ಪನ್ನು ಬಿರಿಯುವ ಕಸುವೇ ಉಳಿದಿರುವುದಿಲ್ಲ. ಜುಲೈ ತಿಂಗಳಲ್ಲಿ ಉಪ್ಪಿನ ಜಾಡಿಯೇ ನೀರೊಡೆಯುವ ಈ ಊರಿನಲ್ಲಿ, ನಾವು 425 ಗ್ರಾಮಿನ ಡಬ್ಬಿಯನ್ನು ಒಮ್ಮೆ ಒಡೆದು, ಎರಡು ತಿಂಗಳ ಕಾಲ ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು, ಚಮಚದಲ್ಲಿ ತೂಗಿ, ತೆಳು ಕವರಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದೆವು. ಡಬ್ಬಿಯ ಮೊದಲ ವಾರದ ಗ್ರಾಹಕರಿಗೆ ಒಳ್ಳೆಯ ಮೊಟ್ಟೆ, ಕೊನೆಯ ವಾರದವರಿಗೆ ಕೆಟ್ಟ ಮೊಟ್ಟೆ ಸಿಕ್ಕಿದ್ದು ಹೀಗೆ. ಅದಕ್ಕಾಗಿ ಬಳಗವು ನಿಮ್ಮೆಲ್ಲರ ಕ್ಷಮೆ ಕೋರುತ್ತದೆ.

ಹೊಸ ಕ್ರಮದಲ್ಲಿ ಡಬ್ಬಿ ಒಡೆದ ದಿನವೇ, ಏಸಿ ಹಾಕಿದ ಕೋಣೆಯಲ್ಲಿ, ಇಡೀ ಡಬ್ಬಿಯನ್ನು ಪೊಟ್ಟಣ ಮಾಡಿ, ಪ್ರತಿಯೊಂದಕ್ಕೂ ತೇವ ಹೀರುವ ಸಿಲಿಕಾ ಜೆಲ್ ಚೀಲವಿಟ್ಟು ಬೆಸೆಯುತ್ತೇವೆ. ಪ್ರತಿ ಡಬ್ಬಿಯಿಂದ ಒಂದು ಪೊಟ್ಟಣವನ್ನು ನಾವೇ ಒಡೆಸಿ ನೋಡಿ, ಆ ತಿಂಗಳನ್ನೂ ನೂರಕ್ಕೆ ಎಷ್ಟು ಒಡೆದವೆಂಬ ಎಣಿಕೆಯನ್ನೂ ಪೊಟ್ಟಣದ ಮೇಲೆ ಬರೆಯುತ್ತೇವೆ. ಹೆಚ್ಚಿದ ಬೆಲೆ ಈ ಕೆಲಸದ್ದು. ಮೊಟ್ಟೆ ಮೊದಲಿನಂತೆಯೇ ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಸರೋವರದ್ದು. ಇಲ್ಲೇ ಮುಂಬೈಯ ಭಾಂಡುಪಿನ ಉಪ್ಪಿನ ಗದ್ದೆಗಳು ಹೆದ್ದಾರಿಯ ಪಕ್ಕದಲ್ಲೇ ಇರುವಾಗ ಅಷ್ಟು ದೂರದಿಂದೇಕೆ ತರಿಸುತ್ತೀರಿ ಎಂದು ಕೇಳುವವರಿದ್ದಾರೆ. ಹಿಡಿದು, ತೊಳೆದು, ಒಣಗಿಸಿ, ಡಬ್ಬಿ ಕಟ್ಟುವ ವ್ಯವಸ್ಥೆ ಹತ್ತಿರದಲ್ಲಿದ್ದರೆ ನಮಗೂ ಸಂತೋಷವೇ.

ಪೊಟ್ಟಣ ಚೆನ್ನಾಗಿದ್ದರೂ ನಿಮ್ಮ ಮನೆಯಲ್ಲಿ ಅದೇ ತೇವ ಕಾದಿರುತ್ತದೆ. ಒಂದು ಲೀಟರ್ ಬಾಟಲಿಗೆ ಒಂದು ಗ್ರಾಂ ಸಾಕಾದ್ದರಿಂದ ಒಂದು ಪೊಟ್ಟಣ ಹತ್ತು ಸಲಕ್ಕೆ ಬರುತ್ತದೆ. ತೆರೆದ ಪೊಟ್ಟಣವನ್ನು ಸಿಲಿಕಾ ಜೆಲ್ ಸಮೇತ ಬಿಗಿ ಮುಚ್ಚಳದ ಸಣ್ಣ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಬಾಟಲಿ ಕೋಣೆಯ ಬಿಸಿಗೆ ಬರುವ ತನಕ, ಅಂದರೆ ಅರ್ಧ ಗಂಟೆಯಾದರೂ, ಮುಚ್ಚಳ ತೆಗೆಯಬೇಡಿ; ತಣ್ಣನೆಯ ಬಾಟಲಿಯನ್ನು ಥಟ್ಟನೆ ತೆರೆದರೆ ಒಳಗೋಡೆಗೆ ಬೆವರು ಕಟ್ಟುತ್ತದೆ.

ನಮ್ಮ ಹಳೆಯ ಮಾಹಿತಿ ಚೀಟಿಯಲ್ಲಿಯೂ ಒಂದೆರಡು ತಿದ್ದುಪಡಿ ಆಗಬೇಕಿದೆ. ಲೀಟರಿಗೆ 25 ಗ್ರಾಂ ಹರಳುಪ್ಪು ಎಂಬುದು ಸರಿಯಾಗಿಯೇ ಇದೆ, ಆದರೆ ಚಮಚ ಬಿಟ್ಟು ತಕ್ಕಡಿಯಲ್ಲಿ ತೂಗಿ. ನಮ್ಮ ಕಡೆಯ ನಲ್ಲಿಯ ನೀರು ಮೆದುವಾದ್ದರಿಂದ ಚಿಟಿಕೆ ಅಡುಗೆ ಸೋಡಾ ಸೇರಿಸಬೇಕು. ಆರ್ಟೀಮಿಯಾಕ್ಕೆ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಮೇಲಿರಬೇಕು. ಕ್ಲೋರಿನ್ ಹೋಗಲೆಂದು ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಡಿ. ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್ ಬೇಡ, ಬರೀ ನಳಿಕೆಯೇ ಒಳ್ಳೆಯದು. ಸಣ್ಣ ಗುಳ್ಳೆಗಳು ನೊರೆ ಎಬ್ಬಿಸಿ ಮೊಟ್ಟೆಯನ್ನು ಬಾಟಲಿಯ ಅಂಚಿಗೆ ಅಂಟಿಸುತ್ತವೆ. 28 ಡಿಗ್ರಿಯ ಆಸುಪಾಸಿನಲ್ಲಿ 24 ಗಂಟೆಗೆ ಮರಿ ಸಿದ್ಧ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ತಡಕ್ಕೆ ಚಳಿ ಕಾರಣ, ಮೊಟ್ಟೆಯಲ್ಲ.

ಹಳೆಯ ಚೀಟಿಯ ದೊಡ್ಡ ತಪ್ಪು, ಉಳಿದವೂ ಒಡೆಯಲೆಂದು 48 ಗಂಟೆ ಬಿಡಿ ಎಂದದ್ದು. ಆಗ ತಾನೇ ಹುಟ್ಟಿದ ಮರಿಗೆ ಬಾಯಿ ತೆರೆದಿರುವುದಿಲ್ಲ, ಅದು ಹೊಟ್ಟೆಯ ಹಳದಿಯನ್ನೇ ಉಂಡು ಬದುಕುತ್ತದೆ. ಹಾಗೇ ಬಿಟ್ಟರೆ ಒಂದು ದಿನದಲ್ಲಿ ಅದರ ಶಕ್ತಿಯ ಸುಮಾರು ನಾಲ್ಕನೇ ಒಂದು ಭಾಗ ಕರಗಿ, ಕೇಸರಿ ಬಣ್ಣ ಮಾಸಿ, ನಿಮ್ಮ ಗಪ್ಪಿ ಮರಿಗಳಿಗೆ ಈಜುವ ಬಡಕಲು ತಿಂಡಿಯಷ್ಟೇ ಸಿಗುತ್ತದೆ. ಆದುದರಿಂದ 24 ಗಂಟೆಗೆ ಗಾಳಿ ನಿಲ್ಲಿಸಿ, ಬಾಟಲಿಯ ಒಂದು ಬದಿಗೆ ದೀಪ ಹಿಡಿದು ಹತ್ತು ನಿಮಿಷ ಕಾಯಿರಿ. ಚಿಪ್ಪು ಮೇಲೆ ತೇಲುತ್ತದೆ, ಒಡೆಯದ್ದು ತಳಕ್ಕಿಳಿಯುತ್ತದೆ, ಮರಿಗಳು ಬೆಳಕಿನ ಕಡೆಗೆ ಗುಂಪಾಗುತ್ತವೆ. ನಳಿಕೆಯಿಂದ ಮರಿಗಳನ್ನಷ್ಟೇ ಎಳೆದು, ಸೋಸುಬಟ್ಟೆಯಲ್ಲಿ ಸಿಹಿನೀರಿನಿಂದ ತೊಳೆದು ಹಾಕಿ. ಚಿಪ್ಪು ಸೇರಿದರೆ ಮೀನುಮರಿಯ ಹೊಟ್ಟೆ ಕಟ್ಟಬಹುದು. ಸಿಹಿನೀರಿನಲ್ಲಿ ಆರ್ಟೀಮಿಯಾ ಕೆಲವೇ ಗಂಟೆ ಬದುಕುವುದರಿಂದ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು.

ಹೊತ್ತು ಕಳೆದಂತೆ ಮರಿಯ ಶಕ್ತಿ ಕರಗುವ ಕಾರಣಕ್ಕೇ ಶನಿವಾರ ಸಂಜೆ ಸ್ಟೇಷನ್ನಿನ ಬಳಿ ಚೀಲದಲ್ಲಿ ಕೊಡುತ್ತಿದ್ದ ಜೀವಂತ ಮರಿಗಳ ಮಾರಾಟವನ್ನೂ ನಿಲ್ಲಿಸಿದ್ದೇವೆ. ಬೆಳಿಗ್ಗೆ ಒಡೆದ ಮರಿ ನಿಮ್ಮ ತೊಟ್ಟಿ ಮುಟ್ಟುವಾಗ ರಾತ್ರಿಯಾಗಿರುತ್ತಿತ್ತು.

ನಿಮ್ಮಲ್ಲಿ ಹಳೆಯ ಕವರಿನ ಮೊಟ್ಟೆ ಉಳಿದಿದ್ದರೆ, ತೆರೆದದ್ದಾದರೂ ಸರಿ, ಜುಲೈ 31ರೊಳಗೆ ಅಂಗಡಿಗೆ ತನ್ನಿ. ಗ್ರಾಮಿಗೆ ಗ್ರಾಮಿನಂತೆ ಹೊಸ ಪೊಟ್ಟಣ ಕೊಡುತ್ತೇವೆ, ಹೆಚ್ಚಿನ ಹಣ ಕೇಳುವುದಿಲ್ಲ. ಹಿಂದಕ್ಕೆ ಬಂದ ಮೊಟ್ಟೆಯನ್ನು ಮತ್ತೆ ಮಾರುವುದಿಲ್ಲ. ಚಿಪ್ಪು ಕರಗಿಸಿ ನಮ್ಮದೇ ತೊಟ್ಟಿಗಳ ಮೀನಿಗೆ ಹಾಕುತ್ತೇವೆ. ಚಿಪ್ಪು ಕರಗಿಸುವುದು ಬ್ಲೀಚಿನಲ್ಲಿ ಮಾಡುವ ಕೆಲಸವಾದ್ದರಿಂದ, ಮಕ್ಕಳಿರುವ ಮನೆಯಲ್ಲಿ ನೀವೇ ಪ್ರಯತ್ನಿಸಬೇಡಿ ಎಂದು ಕೇಳಿಕೊಳ್ಳುತ್ತೇವೆ. ಕಳೆದ ಮಳೆಗಾಲದಲ್ಲಿ ಒಡೆಯದ ಮೊಟ್ಟೆಯನ್ನು ಬೇಸತ್ತು ಚೆಲ್ಲಿದವರು ಖಾಲಿ ಕವರನ್ನೂ ತರಬೇಕಾಗಿಲ್ಲ. ಯಾವ ತಿಂಗಳಲ್ಲಿ ಕೊಂಡಿರಿ ಎಂದು ಹೇಳಿದರೆ ಸಾಕು, ನಮ್ಮ ಬಿಲ್ಲಿನ ಪುಸ್ತಕದಲ್ಲಿ ನೋಡಿ ಒಂದು ಪೊಟ್ಟಣ ಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಬಳಗದ ಸದಸ್ಯರೆಲ್ಲರ ಪರವಾಗಿ