ಹುಬ್ಬಳ್ಳಿ ಚಾವಿ

ಲೋ ಹುಬ್ಬಳ್ಳಿ,

ಫೋನ್ ಮಾಡಿದರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಅದಕ್ಕೇ ಇಲ್ಲಿ, ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಮೂರನೇ ಇಡ್ಲಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ವವೋ ಹೋದರು. ಕೆಳಗಿನ ಮನೆಯ ನನ್ನ ಪೋರ್ಚುಗೀಸ್ ಅಜ್ಜಿ. 86 ವರ್ಷ. ಅಮೆರಿಕದ ಈ ಫಾಲ್ ರಿವರ್ ಊರಿಗೆ ನಾನು ಬಂದ ಮೊದಲ ದಿನ ಮಹಡಿ ಮನೆಯ ಕೀ ಕೊಡುತ್ತಾ 'ಶಾವ್, ಶಾವ್' ಅಂದಿದ್ದರಲ್ಲ, ಅವರೇ. ನಮ್ಮ ಮೈಸೂರು ಕಡೆ ಅದು ಕೀ. ಆದರೆ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ 'ಚಾವಿ ಎಲ್ಲಿಟ್ಟೀಲೇ' ಅಂತ ನೀನು ಕೂಗಿದ್ದು ಕಿವಿಯಲ್ಲಿತ್ತು ನೋಡು, 'ಚಾವಿ!' ಅಂದುಬಿಟ್ಟೆ. ಅವರ ಮುಖ ಅರಳಿತು. ಆಮೇಲೆ ಮೇಜು ಮುಟ್ಟಿ ಮೇಜು ಅಂದೆ. ಪಾದ್ರಿ ಅಂದೆ. ಅಷ್ಟಕ್ಕೇ, ಈ ಹುಡುಗನಿಗೆ ಪೋರ್ಚುಗೀಸ್ ಬರುತ್ತದೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು. ರಾಣಿ ಅಬ್ಬಕ್ಕನ ವಿಷಯ ನಾನು ಎತ್ತಲಿಲ್ಲ. ಬಾಡಿಗೆ ಕಡಿಮೆ ಇತ್ತು.

ಅವರ ಊರು ಅಟ್ಲಾಂಟಿಕ್ ಸಮುದ್ರದ ನಡುವೆ ಇರುವ ಅಜೋರ್ಸ್ ದ್ವೀಪಗಳಲ್ಲೊಂದು, ಫಯಾಲ್. 1957ರ ಸೆಪ್ಟೆಂಬರ್‌ನಲ್ಲಿ ಆ ದ್ವೀಪದ ಪಡುವಣ ತುದಿಯಲ್ಲಿ, ಕಪೆಲಿನ್ಯೋಸ್ ಎಂಬಲ್ಲಿ, ಸಮುದ್ರವೇ ಕುದಿಯಲು ಶುರುವಾಯಿತು. ಜ್ವಾಲಾಮುಖಿ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಆರಲಿಲ್ಲ. ಬೂದಿ ಸುರಿಯಿತು. ಹೊಲ ಮುಚ್ಚಿತು, ಮಾಡು ಕುಸಿಯಿತು. ಅಮೆರಿಕದ ಸೆನೆಟ್‌ನಲ್ಲಿ ಪಾಸ್ಟೋರೆ ಮತ್ತು ಕೆನಡಿ ಸೇರಿ 1958ರಲ್ಲಿ ಕಾನೂನು ಮಾಡಿಸಿದರು, 1,500 ಕುಟುಂಬಗಳಿಗೆ ವೀಸಾ. ಅದರಲ್ಲೊಂದು ಇವರ ಅಪ್ಪನಿಗೆ ಸಿಕ್ಕಿತು. ಇವರ ಅಡುಗೆಮನೆಯಲ್ಲಿ ಯೇಸುವಿನ ಪಕ್ಕದಲ್ಲೇ ಕೆನಡಿ ಫೋಟೋ ಯಾಕಿದೆ ಅಂತ ನೀನು ಕೇಳಿದ್ದೆಯಲ್ಲ, ಅದಕ್ಕೇ.

ಬಂದವರು ಹೊಲಿಗೆ ಕಾರ್ಖಾನೆ ಸೇರಿದರು. ಒಂದು ಕಾಲರ್‌ಗೆ ಇಷ್ಟು ಅಂತ ಕೂಲಿ. ಐದು ಮಕ್ಕಳು. ಸಂಜೆ ಏಳಕ್ಕೆ ಜಪಮಾಲೆ. ಅವರು 'ತೆರ್ಸು' ಅನ್ನುತ್ತಿದ್ದರು. ನೆಲದ ಹಲಗೆ ತೆಳು, ಐವತ್ತು ಮಣಿಯೂ ನನಗೆ ಮೇಲಕ್ಕೆ ಕೇಳಿಸುತ್ತಿತ್ತು. ಕೋಡಿಂಗ್ ಮಾಡುತ್ತಾ ನನ್ನ ಬೆರಳೂ ಅದೇ ತಾಳಕ್ಕೆ ಬೀಳುತ್ತಿತ್ತು, ನಿಜ.

ಈಸ್ಟರ್ ಆದ ಮೇಲೆ ಏಳು ವಾರ ಇವರ ಜನರಲ್ಲಿ ಪವಿತ್ರಾತ್ಮನ ಬೆಳ್ಳಿ ಕಿರೀಟ ಮನೆಯಿಂದ ಮನೆಗೆ ಹೋಗುತ್ತದೆ. ಕಿರೀಟದ ತುದಿಯಲ್ಲೊಂದು ಪಾರಿವಾಳ. ಅದೊಂದು ವರ್ಷ ಇವರ ಮನೆಗೆ ಬಂತು. ಹೂವು, ಮೇಣದ ಬತ್ತಿ, ದಿನಾ ಪ್ರಾರ್ಥನೆ. ಕೊನೆಗೆ ಬಂದವರಿಗೆಲ್ಲ ಬ್ರೆಡ್ಡಿನ ಮೇಲೆ ಬಿಸಿ ಸಾರು ಸುರಿದು ಊಟ, ಯಾರು ಏನು ಅಂತ ಕೇಳುವುದಿಲ್ಲ. ಬಡವರಿಗೆ ಉಣಿಸುತ್ತಿದ್ದ ಪೋರ್ಚುಗಲ್‌ನ ಇಸಬೆಲ್ ರಾಣಿಯಿಂದ ಬಂದದ್ದು ಅನ್ನುತ್ತಾರೆ. ಥೇಟ್ ನಮ್ಮ ಅನ್ನಸಂತರ್ಪಣೆ. ಆ ಸಾರಿನಲ್ಲಿ ಏನಿತ್ತು ಅಂತ ಮಾತ್ರ ನಮ್ಮಮ್ಮನಿಗೆ ಹೇಳಬೇಡ.

ಆ ರಾತ್ರಿ ಪಾತ್ರೆ ತೊಳೆಯುವಾಗ ವವೋ ಸ್ಕರ್ಟ್ ತುಸು ಎತ್ತಿ ಮೊಣಕಾಲು ತೋರಿಸಿದರು. ಹಳೇ ಗಾಯದ ಕಲೆ. ಎರಡನೇ ಮಗ ಕೂಸಾಗಿದ್ದಾಗ ನ್ಯುಮೋನಿಯಾ ಆಗಿತ್ತಂತೆ. ಉಳಿದರೆ ಅಜೋರ್ಸ್‌ನ ಪೊಂತಾ ದೆಲ್ಗಾದಾ ಊರಲ್ಲಿರುವ ಸಾಂತು ಕ್ರಿಸ್ತು, ಅಂದರೆ ಕ್ರಿಸ್ತನ, ಗುಡಿ ಮುಂದಿನ ಚೌಕವನ್ನು ಮಂಡಿಯಲ್ಲೇ ಸುತ್ತುತ್ತೇನೆ ಅಂತ ಹರಕೆ. ಹಡಗಲ್ಲಿ ಬಂದವರು ವಿಮಾನದಲ್ಲಿ ಹೋಗಿ ತೀರಿಸಲು ದುಡ್ಡು ಕೂಡಿಸುವಷ್ಟರಲ್ಲಿ ಇಪ್ಪತ್ತು ವರ್ಷ ಆಯಿತು.

ಮಣ್ಣು ಮುಗಿಸಿ ಬಂದ ಮೇಲೆ ಊಟಕ್ಕೆ ಕೂತಾಗ, ಆ ಮಗನ ಪಕ್ಕದಲ್ಲೇ ನಾನು. ಈಗ ಅವರಿಗೂ ತಲೆ ನೆರೆತಿದೆ. ಸಮಾಧಾನಕ್ಕೆ ಅಂತ ಮೊಣಕಾಲಿನ ಮಾತು ತೆಗೆದೆ. 'ಕಾರ್ಖಾನೆಯಲ್ಲಿ ಬಿದ್ದದ್ದಲ್ವಾ ಅದು?' ಅಂದರು.

ಅವರಿಗೆ ಹೇಳಿಯೇ ಇರಲಿಲ್ಲ ಕಣೋ. ಮೇಲಿನ ಬಾಡಿಗೆಯವನಿಗೆ ಹೇಳಿದ್ದರು. ಸಿಹಿ ಬ್ರೆಡ್ಡು ಬಾಯಲ್ಲೇ ಉಳಿಯಿತು. ನಮ್ಮಮ್ಮ ನನಗೆ ಹೇಳದೇ ಇರುವುದನ್ನು ಯಾರಿಗೆ ಹೇಳಿದ್ದಾಳೆ? ಹಾಲಿನವನಿಗಾ? ಮೇಲ್ಮನೆಯಲ್ಲಿರುವ ಆ ಬ್ಯಾಂಕಿನ ಹುಡುಗಿಗಾ?

ನಂಜನಗೂಡಿಗೆ ಹೋಗಿ ಬರೋಣ ಅಂತ ಅಮ್ಮ ನಾಲ್ಕು ಸಲ ಕೇಳಿದ್ದಳು. ಮದುವೆಯ ಹರಕೆ ಅಂದುಕೊಂಡು ರಜೆ ಇಲ್ಲ ಅಂದಿದ್ದೆ. ರಜೆ ಇತ್ತು. ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿದ್ದೆ, ನೀನೇ ಆ ಫೋಟೋಗೆ ಲೈಕ್ ಒತ್ತಿದ್ದೆ. ವವೋ ಮಣ್ಣಾದ ದಿನ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಯಾಕಮ್ಮ ನಂಜನಗೂಡು ಅಂತ ಕೇಳಿದೆ. ತುಸು ಹೊತ್ತು ಸುಮ್ಮನಿದ್ದಳು. ಎಂಟು ತಿಂಗಳ ಕೂಸಿದ್ದಾಗ ನನಗೆ ಜ್ವರ ಏರಿ ಕಣ್ಣು ಮೇಲಾಗಿತ್ತಂತೆ. ಉಳಿದರೆ ಮುಡಿ ಕೊಡಿಸುತ್ತೇನೆ ಅಂದಿದ್ದಳಂತೆ. ಮೊದಲು ಅಪ್ಪನ ಸಾಲ, ಆಮೇಲೆ ನನ್ನ ಪರೀಕ್ಷೆ, ಆಮೇಲೆ ನಾನು. 'ಹೋಗಲಿ ಬಿಡು, ನಂಜುಂಡ ಕಾಯ್ತಾನೆ. ಊಟ ಆಯ್ತಾ?' ಅಂದಳು.

ಆ ಪ್ರಶ್ನೆಗೆ ಯಾವಾಗಲೂ ರೇಗುತ್ತಿದ್ದೆ. ಅವತ್ತು ಮಾತು ಹೊರಡಲಿಲ್ಲ. ಸಿಗ್ನಲ್ ಸರಿ ಇಲ್ಲ ಅಂತ ಫೋನ್ ಇಟ್ಟೆ. ಸಿಗ್ನಲ್ ಚೆನ್ನಾಗಿತ್ತು.

ಇದನ್ನೆಲ್ಲ ಬರೆಯಬೇಕು ಅಂತ ಇರಲಿಲ್ಲ, ವವೋ ಬಗ್ಗೆ ನಾಲ್ಕು ಸಾಲು ಅಂತಲೇ ಕೂತದ್ದು. ಇರಲಿ. ಡಿಸೆಂಬರ್‌ಗೆ ಟಿಕೆಟ್ ಮಾಡಿದ್ದೇನೆ. ಒಂದೇ ಚಿಂತೆ: ನಂಜುಂಡನಿಗೆ ಅಮ್ಮ ಮಾತು ಕೊಟ್ಟಾಗ ಇದ್ದಷ್ಟು ಕೂದಲು ಈಗ ಇಲ್ಲ. ಮುಂದುಗಡೆ ಪೂರ್ತಿ ಖಾಲಿ, ನೀನೇ ನೋಡಿದ್ದೀಯ. ಕಪಿಲೆಯ ದಂಡೆಯಲ್ಲಿ ಕೂತ ಕ್ಷೌರಿಕ ಅರ್ಧ ದುಡ್ಡೇ ತಗೊಂಡಾನು.

ನೀನೂ ಬಾ. ಬೋಳು ತಲೆ ಫೋಟೋ ಮಾತ್ರ ಎಲ್ಲೂ ಹಾಕಬೇಡ. ಹಾಕಿದೆಯೋ, ಮೂರನೇ ಇಡ್ಲಿ ಮಾರನೇ ದಿನವೇ ಹೊರಗೆ ಬರುತ್ತದೆ.

ನಿನ್ನ,
ಮೈಸೂರು ಕೀ