ಮಗು ಮೀಟರ್ ಮುಂದೆ ನಿಂತಿದ್ದರೆ ಬೈಯಬೇಡಿ

ಪ್ರೀತಿಯ ಪೋಷಕರೇ,

ಈ ವಾರ ನಿಮ್ಮ ಮಗನೋ ಮಗಳೋ ಕರೆಂಟ್ ಮೀಟರ್ ಮುಂದೆ ನಿಂತು ಏನೋ ಎಣಿಸುತ್ತಿದ್ದರೆ ದಯವಿಟ್ಟು ಬೈಯಬೇಡಿ. ಅದು ನಾವೇ ಕೊಟ್ಟ ಹೋಂವರ್ಕ್.

ಎರಡು ವಾರದಿಂದ ಏಳನೇ ತರಗತಿಯಲ್ಲಿ ಕರೆಂಟಿನ ಪಾಠ ನಡೆಯುತ್ತಿದೆ. ಶುರುವಾಗಿದ್ದು ಅಂಗಳದಲ್ಲಿ, ಅಂಗೈ ಅಗಲದ ಒಂದು ಸೋಲಾರ್ ಪ್ಯಾನೆಲ್ಲು ಮತ್ತು ಒಂದು ಪುಟ್ಟ ಫ್ಯಾನ್ ಇಟ್ಟುಕೊಂಡು. ಬಿಸಿಲಿಗೆ ಹಿಡಿದರೆ ಫ್ಯಾನ್ ತಿರುಗುತ್ತದೆ, ಅದರಲ್ಲಿ ಹೊಸದೇನಿಲ್ಲ. ಆದರೆ ಒಬ್ಬ ಹುಡುಗಿ ಪ್ಯಾನೆಲ್ಲಿನ ಒಂದೇ ಒಂದು ಪಟ್ಟಿಯನ್ನು ಬೆರಳಿನಿಂದ ಮುಚ್ಚಿದಳು ನೋಡಿ, ಫ್ಯಾನ್ ನಿಂತೇ ಹೋಯಿತು. "ಉಳಿದದ್ದಕ್ಕೆಲ್ಲ ಬಿಸಿಲು ಬೀಳ್ತಾ ಇದೆಯಲ್ಲ ಮೇಡಂ!" ಅಂದಳು. ಆ ಒಂದೊಂದು ಪಟ್ಟಿಯೂ ಒಂದು ಸೆಲ್, ಅಂದರೆ ಬಿಸಿಲನ್ನು ಕರೆಂಟ್ ಮಾಡುವ ತುಣುಕು. ಒಳಗಿನ ಸೆಲ್‌ಗಳನ್ನು ಒಂದರ ಹಿಂದೆ ಒಂದು ಸರಪಳಿಯ ಹಾಗೆ ಜೋಡಿಸಿರುತ್ತಾರೆ, ಒಂದಕ್ಕೆ ನೆರಳು ಬಿದ್ದರೆ ಉಳಿದವುಗಳ ದಾರಿಯೂ ಕಟ್ಟಿಕೊಳ್ಳುತ್ತದೆ. ಇದನ್ನು ನಾನು ಹೇಳಲಿಲ್ಲ. ಅರ್ಧ ಗಂಟೆ ಜಗಳವಾಡಿ ಮಕ್ಕಳೇ ಕಂಡುಕೊಂಡರು.

ಆಮೇಲೆ ಒಬ್ಬ ಹುಡುಗ ಕೇಳಿದ: ಬಿಸಿಲೂ ಪುಕ್ಕಟೆ, ಗಾಳಿಯೂ ಪುಕ್ಕಟೆ, ಹಾಗಾದ್ರೆ ಉಳಿಸೋದು ಯಾಕೆ? ಒಳ್ಳೆಯ ಪ್ರಶ್ನೆ ಅಲ್ವಾ? ಸಾಮಾನ್ಯ ಪ್ಯಾನೆಲ್ಲು ತನ್ನ ಮೇಲೆ ಬೀಳುವ ಬಿಸಿಲಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನಷ್ಟೇ ಕರೆಂಟ್ ಮಾಡುತ್ತದೆ. ರಾತ್ರಿ ಅದೂ ಇಲ್ಲ, ಬ್ಯಾಟರಿ ಬೇಕು. ಗಾಳಿಯ ವೇಗ ಅರ್ಧಕ್ಕಿಳಿದರೆ ಸಿಗುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸುಮ್ನೆ ಉರಿಯುವ ದೀಪ ಆರಿಸಿದರೆ ಅಷ್ಟು ಚಿಕ್ಕ ಪ್ಯಾನೆಲ್ಲು, ಅಷ್ಟು ಚಿಕ್ಕ ಬ್ಯಾಟರಿ ಸಾಕಾಗುತ್ತದೆ.

ಇನ್ನು ಮೀಟರ್ ವಿಷಯ. ನಮ್ಮ ಶಾಲೆಯ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, 3200 ಸಲ ಮಿನುಗಿದರೆ 1 ಯೂನಿಟ್. ಉಳಿದದ್ದನ್ನೆಲ್ಲ ಆಫ್ ಮಾಡಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದೆವು, ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿನುಗಿತು. 60 ವ್ಯಾಟಿನ ಹಳೇ ಬಲ್ಬಿಗೆ ಸುಮಾರು 19 ಸೆಕೆಂಡಿಗೊಮ್ಮೆ. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್ಇಡಿ ಹಾಕಿದಾಗ ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿಯೇ ಕಾಯಬೇಕಾಯಿತು, ಇಡೀ ತರಗತಿ ಉಸಿರು ಬಿಗಿಹಿಡಿದು ನಿಂತಿತ್ತು. ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದರೂ ಇಷ್ಟು ಮನಸ್ಸಿಗೆ ಇಳಿಯುತ್ತಿರಲಿಲ್ಲ.

ನಿಮ್ಮಿಂದ ಬೇಕಾಗಿರುವುದು ಸ್ವಲ್ಪ ಸಮಯ. ಏಳು ದಿನ, ಸಂಜೆ ಒಂದೇ ಹೊತ್ತಿಗೆ, ಮಗು ಮೀಟರಿನ ಅಂಕಿ ಬರೆದುಕೊಳ್ಳಲಿ. ಚಿಕ್ಕವರ ಜೊತೆ ನೀವೂ ನಿಂತಿರಿ. ನೋಡಬೇಕಷ್ಟೇ, ಯಾವುದನ್ನೂ ಮುಟ್ಟಬಾರದು ಅಂತ ಶಾಲೆಯಲ್ಲೂ ಹೇಳಿದ್ದೇವೆ. ಖಾಲಿ ಕೋಣೆಯ ಫ್ಯಾನ್ ಯಾಕೆ ತಿರುಗುತ್ತಿದೆ ಅಂತ ಅವರು ಕೇಳಬಹುದು. ಫ್ಯಾನ್ ತಂಪು ಮಾಡುವುದು ಕೋಣೆಯನ್ನಲ್ಲ, ನಮ್ಮ ಮೈಯ ಬೆವರು ಆರಿಸಿ ನಮ್ಮನ್ನು ಅಂತ ಅವರಿಗೀಗ ಗೊತ್ತು. ದಯವಿಟ್ಟು "ನಿನಗ್ಯಾಕೆ" ಅನ್ನಬೇಡಿ.

ಯಾವ ಮನೆಯಲ್ಲಿ ಜಾಸ್ತಿ, ಯಾವ ಮನೆಯಲ್ಲಿ ಕಡಿಮೆ ಅಂತ ನಾವು ಹೋಲಿಸುವುದಿಲ್ಲ. ಆ ಅಂಕಿಗಳು ಮಗುವಿನ ನೋಟ್‌ಬುಕ್ಕಿನಲ್ಲೇ ಇರುತ್ತವೆ. ಮುಂದಿನ ಸೋಮವಾರ ಅದನ್ನು ಬ್ಯಾಗಿನಲ್ಲಿ ಹಾಕಿ ಕಳಿಸಿ.

ನಿಮ್ಮ,
ಮುಖ್ಯ ಶಿಕ್ಷಕಿ